ಮಿಶಿಗನ್‌ನಲ್ಲಿ ಈ ನವೆಂಬರ್ ಕನ್ವೆನ್ಶನ್ ಪ್ರಶ್ನೆ: ನಿಮ್ಮ ರಾಜ್ಯದಲ್ಲಿ ನೀವು ಏನು ಮಾಡಿದಿರಿ?

ಕೊಪ್ಪದವಳು (ಟ್ರಾಯ್, ಮಿಶಿಗನ್)
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸಿಟಿಜನ್ ಆದೆ, ಇದು ನನ್ನ ಮೊದಲ ಓಟು. 2026ರ ನವೆಂಬರ್ 3ಕ್ಕೆ ನಮ್ಮಲ್ಲಿ ರಾಜ್ಯದ ಸಂವಿಧಾನ ಪರಿಷ್ಕರಣೆಗೆ ಕನ್ವೆನ್ಶನ್ (ಅಂದರೆ ಅದಕ್ಕಾಗಿಯೇ ಆರಿಸಿದ ಪ್ರತಿನಿಧಿಗಳ ಸಭೆ) ಕರೆಯಬೇಕೋ ಬೇಡವೋ ಅನ್ನುವ ಪ್ರಶ್ನೆ ಬರುತ್ತದೆ. 16 ವರ್ಷಕ್ಕೊಮ್ಮೆ ಬಂದೇ ಬರುವ ಪ್ರಶ್ನೆ. ನನಗೆ ಮೂರು ವಿಷಯ ತಿಳಿಯಬೇಕು. ನಮ್ಮ ಯಜಮಾನರು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು, ಅವರ ಪೆನ್ಷನ್ನಿಗೆ ಕುತ್ತು ಬರುತ್ತದಾ? ಗೊತ್ತಾಗದೆ ಖಾಲಿ ಬಿಟ್ಟರೆ ಅದನ್ನು ಯಾವ ಕಡೆಗೆ ಎಣಿಸುತ್ತಾರೆ? ಬೇಕು ಅಂತ ಗೆದ್ದರೆ ಆಮೇಲೆ ಅಲ್ಲಿ ಕೂರುವವರು ಯಾರು? ಬೇರೆ ರಾಜ್ಯಗಳಲ್ಲಿ ಇದನ್ನು ಕಂಡವರು ದಯವಿಟ್ಟು ಅನುಭವ ಹೇಳಿ.

ತುಂಗಾತೀರ (ಆಲ್ಬನಿ, ನ್ಯೂಯಾರ್ಕ್)
ಬೇಡ ಅಂತ ಹಾಕಿ ಬನ್ನಿ. ನಾನು 2017ರಲ್ಲಿ ಇದೇ ಪ್ರಶ್ನೆಗೆ ಎರಡೂವರೆ ತಿಂಗಳು ಮನೆಮನೆ ಸುತ್ತಿದವಳು. ನಮ್ಮಲ್ಲಿ 20 ವರ್ಷಕ್ಕೊಮ್ಮೆ ಬರುತ್ತದೆ. ಆಗ ನನಗೆ ರಾಜ್ಯ ಸರ್ಕಾರದ ಕೆಲಸದಲ್ಲಿ 22 ವರ್ಷ ಆಗಿತ್ತು. ಪೆನ್ಷನ್ ಕಡಿಮೆ ಮಾಡುವ ಹಾಗಿಲ್ಲ ಅಂತ ನಮ್ಮ ಸಂವಿಧಾನದಲ್ಲಿ ಒಂದು ಸಾಲಿದೆ. ಕನ್ವೆನ್ಶನ್ ಕೂತರೆ ಆ ಸಾಲೂ ಚರ್ಚೆಗೆ ಬರುತ್ತದೆ, ಇದನ್ನು ಮಾತ್ರ ಮುಟ್ಟಬೇಡಿ ಅಂತ ಅವರಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ನನ್ನ ಕೈಯಿಂದ ಎಷ್ಟು ಹೋಯಿತು ಅಂತ ಇವತ್ತಿಗೂ ಲೆಕ್ಕ ಇಟ್ಟಿದ್ದೇನೆ. ಪೆಟ್ರೋಲಿಗೆ 310 ಡಾಲರ್. ಜೆರಾಕ್ಸಿಗೆ 68. ಒಂದು ಪಾರ್ಕಿಂಗ್ ಟಿಕೆಟ್ 45. ಆರು ದಿನ ರಜೆ, ಅದರಲ್ಲಿ ಎರಡು ದಿನ ಊರಿಗೆ ಹೋಗಲು ಉಳಿಸಿಟ್ಟಿದ್ದು. ಅಂಗಳದಲ್ಲಿ ನೆಟ್ಟ ಬೋರ್ಡು ಮೂರು ಸಲ ಕಿತ್ತುಕೊಂಡು ಹೋದರು. ಪ್ರಶ್ನೆ ಬ್ಯಾಲೆಟ್‌ನ ಹಿಂದಿನ ಪುಟದಲ್ಲಿತ್ತು, ಜನ ತಿರುಗಿಸಿ ನೋಡದೇ ಹೋಗಿಬಿಡುತ್ತಾರೆ ಅನ್ನೋದೇ ನನ್ನ ಭಯ. ಹಾಗಾಗಿ ಒಂದು ಮಾದರಿ ಬ್ಯಾಲೆಟ್ ಹಿಡಿದು ಪ್ರತಿ ಬಾಗಿಲಲ್ಲೂ ತಿರುಗಿಸಿ ತೋರಿಸುತ್ತಿದ್ದೆ. ಕೊನೆಗೆ ಆ ಹಾಳೆಯ ಮೂಲೆ ನನ್ನ ಹೆಬ್ಬೆರಳಿನ ಬೆವರಿಗೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ನೂರಕ್ಕೆ 83 ಜನ ಬೇಡ ಅಂದರು. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಧಾರವಾಡದವ (ಕ್ವೀನ್ಸ್, ನ್ಯೂಯಾರ್ಕ್)
ಹೆಮ್ಮೆ ಯಾವುದಕ್ಕೆ ಮೇಡಂ? ನೀವು ಕಾಪಾಡಿದೆ ಅಂತ ಹೇಳುವ ಆ ಪೆನ್ಷನ್ ಸಾಲು ಬಂದಿದ್ದೇ 1938ರ ಕನ್ವೆನ್ಶನ್‌ನಿಂದ. ಆಡಿರಾಂಡಾಕ್ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು ಅನ್ನುವ ಸಾಲು 1894ರ ಕನ್ವೆನ್ಶನ್‌ನಿಂದ ಬಂದಿದ್ದು. ಆ ಕಾಡು ಹೋಗಿಬಿಡುತ್ತದೆ ಅಂತಲೂ ನಿಮ್ಮವರು ಹೆದರಿಸಿದ್ದರು. ಹಿಂದಿನವರು ಧೈರ್ಯ ಮಾಡಿ ಕೂತಿದ್ದಕ್ಕೆ ತಾನೇ ನಿಮಗೆ ಇದೆಲ್ಲ ಸಿಕ್ಕಿದ್ದು?

ನಾನು ಬೇಕು ಅಂತ ಹಾಕಿದವನು. ನಮ್ಮಲ್ಲಿ ಜನ ಸಹಿ ಹಾಕಿ ತಿದ್ದುಪಡಿ ತರುವ ದಾರಿಯೇ ಇಲ್ಲ. ಎಲ್ಲ ಶಾಸಕರ ಕೈಯಲ್ಲಿ. 20 ವರ್ಷಕ್ಕೆ ಒಂದು ದಿನ ಬಾಗಿಲು ತೆರೆಯುತ್ತದೆ, ಅದನ್ನೂ ನೀವು ಮುಚ್ಚಿಸಿದಿರಿ. ಆ ವರ್ಷ ನಾನು ಒಂಬತ್ತು ಚರ್ಚೆ ಏರ್ಪಡಿಸಿದೆ. ಹಾಲ್ ಬಾಡಿಗೆ ಒಂದೊಂದಕ್ಕೆ 75 ಡಾಲರ್, ಚಹಾ ಬಿಸ್ಕತ್ತು ಬೇರೆ. ಒಂದು ಸಲ ಬಂದವರು ನಾಲ್ಕೇ ಜನ, ಅದರಲ್ಲಿ ಒಬ್ಬರು ನನ್ನ ಹೆಂಡತಿ. ಇಂಥದ್ದಕ್ಕೆ ದುಡ್ಡು ಸುರಿಯುತ್ತೀರಲ್ಲ ಅಂತ ಅವಳು ಆಮೇಲೆ ಒಂದು ವಾರ ಮಾತಾಡಲಿಲ್ಲ.

ತುಂಗಾತೀರ
1938 ಹೇಳಿದಿರಿ, 1967 ಯಾಕೆ ಬಿಟ್ಟಿರಿ? ಆಗ ಕನ್ವೆನ್ಶನ್ ನಡೆಯಿತು. ಅದರ ಅಧ್ಯಕ್ಷರು ಯಾರು? ಅಸೆಂಬ್ಲಿಯ ಸ್ಪೀಕರ್ ಆಗಿದ್ದ ಆಂಥನಿ ಟ್ರಾವಿಯಾ. ಅಂದರೆ ಯಾರನ್ನು ಪಕ್ಕಕ್ಕಿಟ್ಟು ಸಂವಿಧಾನ ಬರೆಯಬೇಕಿತ್ತೋ ಅವರೇ ಬಂದು ಕೂತರು. ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಒಂದೇ ಗಂಟು ಕಟ್ಟಿ, ಪೂರ್ತಿ ಒಪ್ಪಿ ಇಲ್ಲಾ ಪೂರ್ತಿ ಬಿಡಿ ಅಂದರು. ಜನ ಪೂರ್ತಿ ಬಿಟ್ಟರು. 2017ರಲ್ಲಿ ಗೆದ್ದಿದ್ದರೂ ಅದೇ ಆಗುತ್ತಿತ್ತು. ರಾಜ್ಯದ ಮೇಲ್ಮನೆ ಸೆನೆಟ್‌ನ ಒಂದೊಂದು ಕ್ಷೇತ್ರಕ್ಕೆ ಮೂವರು, ರಾಜ್ಯಕ್ಕೆಲ್ಲ ಸೇರಿ 15, ಒಟ್ಟು 204 ಡೆಲಿಗೇಟ್‌ಗಳು. ಒಬ್ಬೊಬ್ಬರಿಗೆ 79,500 ಡಾಲರ್ ಸಂಬಳ. ಶಾಸಕರೂ ನಿಲ್ಲಬಹುದು, ಎರಡೂ ಸಂಬಳ ತಗೋಬಹುದು. ಇದನ್ನು ನಾನು ಬಾಗಿಲಲ್ಲಿ ನಿಂತು ಹೇಳಿದರೆ ಹೆದರಿಸಿದ ಹಾಗಾ?

ಧಾರವಾಡದವ
1938ರಲ್ಲಿ ಗಂಟು ಕಟ್ಟಲಿಲ್ಲ. ಒಂಬತ್ತು ಪ್ರಶ್ನೆಗಳಾಗಿ ಬೇರೆಬೇರೆ ಕೇಳಿದರು, ಆರು ಗೆದ್ದವು. ತಪ್ಪು ಕನ್ವೆನ್ಶನ್‌ದಲ್ಲ, ಅದನ್ನು ನಡೆಸಿದ ರೀತಿಯದು. ಆ ರೀತಿಯನ್ನು ಮೊದಲೇ ಕಾನೂನಿನಲ್ಲಿ ಬರೆದಿಡಿ, ಶಾಸಕರಿಗೆ ಎರಡು ಸಂಬಳ ಕೊಡಬೇಡಿ ಅಂತ ನಾವು ಕೇಳಿಕೊಂಡೆವು. ಆ ಮಾತಿಗೆ ನಿಮ್ಮ ಕಡೆಯಿಂದ ಒಬ್ಬರಾದರೂ ಸಹಿ ಹಾಕಿದಿರಾ? ಇಲ್ಲ. ರೀತಿ ಕೆಟ್ಟದಾಗಿ ಉಳಿದರೇ ನಿಮಗೆ ಅನುಕೂಲ ಇತ್ತು.

ಕೆರೆಬದಿ (ನೇಪರ್‌ವಿಲ್, ಇಲಿನಾಯ್)
ನ್ಯೂಯಾರ್ಕಿನವರು ಸ್ವಲ್ಪ ತಡೀರಿ. ಖಾಲಿ ಬಿಡುವ ವಿಷಯ ಆ ಹುಡುಗಿ ಕೇಳಿದ್ದಾಳೆ, ಅದರಲ್ಲೇ ನಾನು ಸುಟ್ಟುಕೊಂಡವನು.

ನಮ್ಮಲ್ಲಿ 2008ರಲ್ಲಿ ಬಂತು. ನನಗೆ ಆಗ ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ 9,400 ಡಾಲರ್. ಮನೆ ಬೆಲೆ ಇಳಿಯುತ್ತಿತ್ತು, ಟ್ಯಾಕ್ಸ್ ಇಳಿಯುತ್ತಿರಲಿಲ್ಲ. ಕನ್ವೆನ್ಶನ್ ಆಗಲಿ, ಶಾಲೆಗೆ ಈ ಟ್ಯಾಕ್ಸ್ ಬಿಟ್ಟು ದುಡ್ಡು ತರುವ ಬೇರೆ ದಾರಿ ಹುಡುಕಲಿ ಅಂತ ನನ್ನ ಆಸೆ. ಆದರೆ ಬ್ಯಾಲೆಟ್‌ನಲ್ಲಿ ಏನು ಅಚ್ಚು ಹಾಕಿದ್ದರು ಗೊತ್ತಾ? 1988ರಲ್ಲಿ ಜನ ಇದನ್ನು ತಿರಸ್ಕರಿಸಿದ್ದರು ಅಂತ ಬರೆದಿದ್ದರು. ಓಟು ಹಾಕದೇ ಇದ್ದರೆ ಬೇಡ ಅಂದ ಹಾಗೆ ಅಂತ ಬೇರೆ. ಅದು ಸರಿಯಲ್ಲ. ನಮ್ಮ ನಿಯಮದಲ್ಲಿ ಎರಡು ದಾರಿ ಇವೆ. ಈ ಪ್ರಶ್ನೆಗೆ ಉತ್ತರಿಸಿದವರಲ್ಲಿ ಐದರಲ್ಲಿ ಮೂರು ಪಾಲು ಹೌದು ಅಂದರೂ ಸಾಕು, ಚುನಾವಣೆಯಲ್ಲಿ ಓಟು ಹಾಕಿದ ಎಲ್ಲರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಂದರೂ ಸಾಕು. ಮೊದಲ ದಾರಿಯಲ್ಲಿ ಖಾಲಿ ಬಿಟ್ಟವರು ಲೆಕ್ಕಕ್ಕೇ ಬರಲ್ಲ. ಕೋರ್ಟಿಗೆ ಹೋದರು. ಈ ಮಾತು ದಾರಿ ತಪ್ಪಿಸುವಂಥದ್ದು ಅಂತ ಜಡ್ಜ್ ಹೇಳಿದರು. ಅಷ್ಟೊತ್ತಿಗೆ ಬ್ಯಾಲೆಟ್ ಅಚ್ಚಾಗಿಹೋಗಿತ್ತು. ಹಾಗಾಗಿ ಮತಗಟ್ಟೆಯಲ್ಲಿ ತಿದ್ದುಪಡಿ ಚೀಟಿ ಕೊಡಿ ಅಂತಾಯಿತು.

ನಾನು ಬೆಳಿಗ್ಗೆ ಆರೂಕಾಲಿಗೆ ಹೋದೆ. ಚೀಟಿಗಳ ಕಟ್ಟು ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಬಿಚ್ಚದೆ ಹಾಗೇ ಇತ್ತು. ಮೇಲೆ ಒಂದು ಕಾಫಿ ಕಪ್ಪು. ನನಗೆ ಕೊಡಿ ಅಂತ ಕೇಳಿ ಇಸ್ಕೊಂಡೆ. ಹಿಂದೆ ನಿಂತವರಿಗೂ ಕೊಡಿ ಅಂದೆ. ಸಾಲು ನಿಲ್ಲಿಸಬೇಡಿ ಸರ್ ಅಂದರು. ಆ ಕಟ್ಟು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಚೀಟಿ ಕೊಟ್ಟಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳುವುದಿಲ್ಲ. ಆದರೆ ಸರಿಯಾಗಿ ಕೇಳದ ಪ್ರಶ್ನೆಗೆ ಬಂದ ಉತ್ತರ ಅದು. ನನ್ನ ಟ್ಯಾಕ್ಸ್ ಈಗ 14,000 ದಾಟಿದೆ.

ಅಡಕೆಮರ (ಕೊಲಂಬಿಯಾ, ಮೇರಿಲ್ಯಾಂಡ್)
ಕೆರೆಬದಿ ಅವರೇ, ನೀವು ಸೋತು ಸೋತಿರಿ. ನಾವು ಗೆದ್ದು ಸೋತೆವು. 2010ರಲ್ಲಿ ನಮ್ಮಲ್ಲಿ ಉತ್ತರಿಸಿದವರಲ್ಲಿ ನೂರಕ್ಕೆ 54 ಜನ ಬೇಕು ಅಂದರು. ಕನ್ವೆನ್ಶನ್ ಆಗಲಿಲ್ಲ. ಯಾಕೆಂದರೆ ಮೇರಿಲ್ಯಾಂಡ್ ನಿಯಮದಲ್ಲಿ ಆ ಚುನಾವಣೆಗೆ ಬಂದ ಒಟ್ಟು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಹೌದು ಅನ್ನಬೇಕು. ಗವರ್ನರ್‌ಗೆ ಓಟು ಹಾಕಿ ಈ ಪ್ರಶ್ನೆ ಖಾಲಿ ಬಿಟ್ಟವರೆಲ್ಲ ಬೇಡ ಅಂದ ಲೆಕ್ಕ.

ನಾನು ಮುದ್ರಿಸಿದ್ದು 2,000 ಕರಪತ್ರ, 412 ಡಾಲರ್. ಮೊದಲ ಸಲ ಮುದ್ರಣದವರು ದಿನಾಂಕ ತಪ್ಪು ಹಾಕಿ, ಮತ್ತೆ ಮಾಡಿಸಲು 90 ಡಾಲರ್ ಜಾಸ್ತಿ ಕೊಟ್ಟೆ. ಲೈಬ್ರರಿ ಮುಂದೆ ನಿಂತು ಹಂಚಿದೆ. ಪರಿಚಯದವರು, ಅದೂ ನಮ್ಮ ಕನ್ನಡದವರೇ, ಆಮೇಲೆ ಸಿಕ್ಕಿ ಹೇಳುತ್ತಾರೆ: ನಮಗೆ ಅರ್ಥ ಆಗಲಿಲ್ಲ, ನಿಮ್ಮ ಮನಸ್ಸು ನೋಯಿಸುವುದು ಬೇಡ ಅಂತ ಖಾಲಿ ಬಿಟ್ಟೆವು. ನಾನು ಅಲ್ಲೇ ಕೂತುಬಿಟ್ಟೆ. ಹವಾಯಿಯಲ್ಲೂ 1996ರಲ್ಲಿ ಹೌದು ಅಂದವರೇ ಜಾಸ್ತಿ ಇದ್ದರು, ಖಾಲಿ ಓಟನ್ನೂ ಎಣಿಸಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ ಅದೂ ಬಿತ್ತು.

ಬಸವನಗುಡಿ (ಬೆಂಗಳೂರು)
ಸುಮ್ನೆ ಓದುತ್ತಿದ್ದೆ, ಒಂದು ಮಾತು ಸೇರಿಸುತ್ತೇನೆ. ರಾಜ್ಯಕ್ಕೊಂದು ಸಂವಿಧಾನ ಅನ್ನೋದು ನಮಗೆ ತೀರಾ ಹೊರಗಿನ ಮಾತಲ್ಲ. 1947ರ ಮೈಸೂರು ಚಲೋ ಆದಮೇಲೆ ಮೈಸೂರಿಗೂ ಒಂದು ಸಂವಿಧಾನ ಸಭೆ ಇತ್ತು, ಕೆ.ಸಿ. ರೆಡ್ಡಿಯವರ ಕಾಲದಲ್ಲಿ. 1949ರ ನವೆಂಬರಿನಲ್ಲಿ ಮಹಾರಾಜರು ಭಾರತದ ಸಂವಿಧಾನವನ್ನೇ ಒಪ್ಪಿಕೊಂಡರು, ಸಂವಿಧಾನ ಸಭೆ ಶಾಸನಸಭೆಯಾಯಿತು. ನನ್ನನ್ನು ಕೇಳಿದರೆ ಅದೇ ಒಳ್ಳೆಯದಾಯಿತು. ಒಂದು ದೇಶಕ್ಕೆ ಒಂದು ಸಾಕು.

ಧಾರವಾಡದವ
ಸರ್, ಮೈಸೂರು ಸಂಸ್ಥಾನ ಅನ್ನಿ, ಪೂರ್ತಿ ಕರ್ನಾಟಕ ಅಂದುಕೊಳ್ಳಬೇಡಿ. ಆಗ ನಮ್ಮ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು.

ಬಸವನಗುಡಿ
ನಾನು ಮೈಸೂರು ಅಂತಲೇ ಬರೆದಿದ್ದೇನೆ. ಓದದೆ ಜಗಳಕ್ಕೆ ಬರಬೇಡಿ.

ಕೆರೆಬದಿ
ಇದು ಇಲ್ಲಿಗೆ ಬೇಕಾ? ಇದೇ ಅಭ್ಯಾಸದಿಂದ ನಮ್ಮ ಕನ್ನಡ ಕೂಟದ ಬೈಲಾ ಮೂರು ವರ್ಷ ತಿದ್ದಕ್ಕಾಗಲಿಲ್ಲ. ಸಭೆಗೆ 60 ಜನ ಇರಬೇಕು ಅಂತ ಕೋರಂ, ಊಟ ಮುಗಿದ ತಕ್ಷಣ ಉಳಿಯುವವರು 35. ಇದ್ದವರು ಬೇರೆ ವಿಷಯಕ್ಕೆ ಕಿತ್ತಾಡಿ ಎದ್ದು ಹೋಗುವುದು.

ಅಡಕೆಮರ
ಕೋರಂ ಇಳಿಸಿ ಅಂದರೆ ಇರುವ ನಾಲ್ಕು ಜನ ಕೂಟವನ್ನು ಬರೆಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗೇ ಆಯಿತು. ಎರಡು ಯುಗಾದಿ ಬೇರೆಬೇರೆ ಹಾಲ್‌ನಲ್ಲಿ ಮಾಡಿದೆವು.

ಕೆರೆಬದಿ
ಅರ್ಧಕ್ಕಿಂತ ಜಾಸ್ತಿ ನಿಯಮದಿಂದ ಸೋತೆ ಅಂತ ಮೇಲೆ ಅತ್ತವರು ನೀವೇ. ಈಗ ಕೋರಂ ಬಿಗಿ ಇರಬೇಕು ಅಂತೀರಾ?

ಅಡಕೆಮರ
ಎರಡೂ ಬೇರೆ ವಿಷಯ. ಕೂಟದ ಸಭೆಗೆ ಬಾರದವನ ಹೆಸರಲ್ಲಿ ನಾನು ಯಾವ ಓಟನ್ನೂ ಎಣಿಸುತ್ತಿಲ್ಲ. ಮೇರಿಲ್ಯಾಂಡ್‌ನಲ್ಲಿ ಏನೂ ಹೇಳದವನನ್ನು ಬೇಡ ಅಂದ ಅಂತ ಬರೆದುಕೊಂಡರು. ಇದು ತಿಳಿಯದಿದ್ದರೆ ವಾದ ಬೇಡ ಬಿಡಿ.

ಮಂಡ್ಯ ಡಾಕ್ಟ್ರು (ಆ್ಯನ್ ಆರ್ಬರ್, ಮಿಶಿಗನ್)
ಕೊಪ್ಪದವಳೇ, ತಾಯಿ, ನಿನ್ನ ರಾಜ್ಯದವನು ನಾನೊಬ್ಬನೇ ಇದ್ದ ಹಾಗಿದೆ. ಈ ಪ್ರಶ್ನೆಗೆ ನಾನು ಮೂರು ಸಲ ಓಟು ಹಾಕಿದ್ದೇನೆ: 1978, 1994, 2010. ಮೂರು ಸಲವೂ ಬೇಡ ಅಂದೆ, ರಾಜ್ಯವೂ ಬೇಡ ಅಂದಿತು.

1978ರಲ್ಲಿ ನಾನು ರೆಸಿಡೆನ್ಸಿ ಮುಗಿಸಿ ಎರಡು ವರ್ಷ ಆಗಿತ್ತು. ರಾತ್ರಿ ಡ್ಯೂಟಿ ಮುಗಿಸಿ ನೇರ ಮತಗಟ್ಟೆಗೆ ಹೋಗಿ ಹಿಮದ ಗಾಳಿಯಲ್ಲಿ ನಿಂತಿದ್ದೆ. ಅದೇ ದಿನ ತೆರಿಗೆಗೆ ಮಿತಿ ಹಾಕುವ ಹೆಡ್ಲಿ ತಿದ್ದುಪಡಿ ಗೆದ್ದಿತು, ಕನ್ವೆನ್ಶನ್ ಬಿತ್ತು. ಆಗಲೇ ನನಗೆ ಅರ್ಥವಾಯಿತು. ನಮ್ಮಲ್ಲಿ ಜನರೇ ಸಹಿ ಸಂಗ್ರಹಿಸಿ ಒಂದೊಂದೇ ತಿದ್ದುಪಡಿ ತರಬಹುದು. ಕ್ಷೇತ್ರ ಗಡಿ ಹಾಕುವ ಕೆಲಸ ಶಾಸಕರಿಂದ ಕಿತ್ತು ಆಯೋಗಕ್ಕೆ ಕೊಟ್ಟಿದ್ದು 2018ರಲ್ಲಿ ಹೀಗೆಯೇ. ನ್ಯೂಯಾರ್ಕಿನವರ ಸಂಕಟ ನಮ್ಮದಲ್ಲ. ಅವರ ಬಾಗಿಲು ಮುಚ್ಚಿದೆ, ನಮ್ಮದು ತೆರೆದಿದೆ.

ಪಕ್ಕದ ಮನೆಯ ಮುದುಕರು 1961ರ ಕನ್ವೆನ್ಶನ್ ನೋಡಲು ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ಗೆ ಬಸ್ಸಿನಲ್ಲಿ ಹೋಗುತ್ತಿದ್ದರಂತೆ. 144 ಡೆಲಿಗೇಟ್‌ಗಳು ಕೂತು ಬರೆದದ್ದು 1963ರ ಏಪ್ರಿಲ್ 1ರಂದು ಸುಮಾರು 7,400 ಓಟಿನ ಅಂತರದಲ್ಲಿ ಪಾಸಾಯಿತು, ಒಟ್ಟು 16 ಲಕ್ಷ ಓಟಿನಲ್ಲಿ. ಆ ರಾತ್ರಿ ಅವರು ರೇಡಿಯೊ ಮುಂದೆ ಕೂತೇ ನಿದ್ದೆ ಹೋದರಂತೆ. ಈಗ ನಾವು ಅದೇ ಸಂವಿಧಾನದ ಕೆಳಗಿದ್ದೇವೆ.

ಧಾರವಾಡದವ
ಡಾಕ್ಟ್ರೇ, ಬಾಗಿಲು ತೆರೆದಿದೆ ಅಂತೀರಿ, ಸಹಿ ಸಂಗ್ರಹಕ್ಕೆ ಲಕ್ಷಗಟ್ಟಲೆ ಸಹಿ ಬೇಕು, ಅದಕ್ಕೆ ದುಡ್ಡಿದ್ದವರು ಮಾತ್ರ ಒಳಗೆ ಬರುತ್ತಾರೆ. ಅಂಥವರನ್ನು ನೀವು ಜನ ಅಂತ ಕರೆಯುತ್ತೀರಾ?

ತುಂಗಾತೀರ
ನಮ್ಮಲ್ಲೂ ಕನ್ವೆನ್ಶನ್ ಇಲ್ಲದೆ ಕೆಲಸ ಆಗಿದೆ. ಶುದ್ಧ ಗಾಳಿ ನೀರಿನ ಹಕ್ಕು 2021ರಲ್ಲಿ ಸಂವಿಧಾನಕ್ಕೆ ಸೇರಿತು, ಒಂದರ ನಂತರ ಒಂದು ಆಯ್ಕೆಯಾದ ಎರಡು ಶಾಸಕಾಂಗ ಒಪ್ಪಿ ಜನ ಓಟು ಹಾಕಿ. ನಿಮಗೆ ಸೋತಿದ್ದೇ ನೆನಪು.

ಧಾರವಾಡದವ
ಅದೇ ದಿನ ಓಟಿನ ದಿನವೇ ನೋಂದಣಿ ಮಾಡಿಸುವ ತಿದ್ದುಪಡಿ ಬಿತ್ತು ಮೇಡಂ. ನಾನು ಆ ದಿನ ಎಂಟು ಗಂಟೆ ಫೋನ್ ಮಾಡಿದ್ದೇನೆ. ಅದನ್ನೂ ಸೇರಿಸಿ ಹೇಳಿ.

ಕೊಪ್ಪದವಳು
ಎಲ್ಲರಿಗೂ ಧನ್ಯವಾದ. ಡಾಕ್ಟ್ರೇ, ಮಿಶಿಗನ್‌ನಲ್ಲಿ ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ಇನ್ನೂ ಯಾರೂ ಹೇಳಲಿಲ್ಲ.

ಮಂಡ್ಯ ಡಾಕ್ಟ್ರು
ಏನೂ ಆಗಲ್ಲ. ಈ ಪ್ರಶ್ನೆಗೆ ಉತ್ತರಿಸಿದವರಲ್ಲಿ ಯಾರು ಹೆಚ್ಚೋ ಅವರದ್ದು. ಬೇಕು ಅಂತ ಗೆದ್ದರೆ ಫಲಿತಾಂಶ ಖಾತ್ರಿಯಾಗಿ ಆರು ತಿಂಗಳೊಳಗೆ ಡೆಲಿಗೇಟ್ ಚುನಾವಣೆ. ರಾಜ್ಯದ ಕೆಳಮನೆಯ ಒಂದೊಂದು ಕ್ಷೇತ್ರಕ್ಕೆ ಒಬ್ಬರು, ಒಂದೊಂದು ಸೆನೆಟ್ ಕ್ಷೇತ್ರಕ್ಕೆ ಒಬ್ಬರು, 110 ಮತ್ತು 38, ಒಟ್ಟು 148. ಪಕ್ಷದ ಚಿಹ್ನೆಯ ಮೇಲೇ ನಿಲ್ಲುತ್ತಾರೆ. ಮುಂದಿನ ಅಕ್ಟೋಬರ್ ಮೊದಲ ಮಂಗಳವಾರ ಲ್ಯಾನ್ಸಿಂಗ್‌ನಲ್ಲಿ ಸೇರಬೇಕು, ಅಂದರೆ 2027ರ ಅಕ್ಟೋಬರ್ 5. ಅವರು ಬರೆದದ್ದು ಮತ್ತೆ ನಿನ್ನ ಓಟಿಗೇ ಬರುತ್ತದೆ. ಯಜಮಾನರು ಇಲ್ಲಿವರೆಗೆ ದುಡಿದ ಪೆನ್ಷನ್ನಿಗೆ 9ನೇ ವಿಧಿಯ 24ನೇ ಸೆಕ್ಷನ್ ಕಾವಲಿದೆ. ಮನೆಯಲ್ಲಿ ಇಬ್ಬರೂ ಕೂತು ಅದನ್ನೊಮ್ಮೆ ಓದಿ.

ಅಡಕೆಮರ
ನಮ್ಮಲ್ಲಿ ಮತ್ತೆ 2030ಕ್ಕೆ ಬರುತ್ತದೆ. ಹಳೆಯ ಕರಪತ್ರ 600 ಉಳಿದಿವೆ, ಬೇಸ್‌ಮೆಂಟಿನಲ್ಲಿ ಇಟ್ಟಿದ್ದೇನೆ. ವರ್ಷ ಒಂದು ತಿದ್ದಿ, ಖಾಲಿ ಬಿಡಬೇಡಿ ಅನ್ನುವ ಸಾಲನ್ನು ಮೇಲೆ ದಪ್ಪಕ್ಷರದಲ್ಲಿ ಹಾಕಬೇಕು. ಮೇರಿಲ್ಯಾಂಡ್‌ನವರು ಯಾರಾದರೂ ಇದ್ದರೆ ಬರೆಯಿರಿ, ಈ ಸಲ ನಾನೊಬ್ಬನೇ ನಿಲ್ಲಲಾರೆ.