ಸಹಾಯ ಬೇಕು: ಅಪ್‌ಲೋಡ್ ಶುರುವಾದ್ರೆ ಪಿಂಗ್ 200 ದಾಟುತ್ತೆ, ಯಾವ ರೂಟರ್ ತಗೊಳ್ಳಲಿ?

ಮೈಸೂರು ಕುವೆಂಪುನಗರ, 100 ಎಂಬಿಪಿಎಸ್ ಫೈಬರ್ ಲೈನು. ಕನೆಕ್ಷನ್ ಜೊತೆ ಕೊಟ್ಟ ಓಎನ್‌ಟಿ (ಫೈಬರ್ ತಂತಿ ಬಂದು ಸೇರೋ ಮೋಡೆಮ್) ಡಬ್ಬಾನೇ ಈಗ ರೂಟರ್ ಕೂಡ. ಬೇರೆ ಯಾರೂ ನೆಟ್ ಬಳಸದಿದ್ರೆ ವ್ಯಾಲೊರಂಟ್ ಗೇಮ್‌ನಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರೋ ಸಮಯ) 30 ಮಿಲಿಸೆಕೆಂಡ್ ಆಸುಪಾಸು. ಮನೇಲಿ ಯಾರದ್ದಾದ್ರೂ ಫೋನ್ ಗೂಗಲ್ ಫೋಟೋಸ್‌ಗೆ ವಿಡಿಯೋ ಏರಿಸೋಕೆ ಶುರು ಮಾಡ್ತು ಅಂದ್ರೆ 200 ದಾಟುತ್ತೆ. ಅಪ್‌ಲೋಡ್ ನಿಂತ ತಕ್ಷಣ ಮತ್ತೆ 30.

5 ಗಿಗಾಹರ್ಟ್ಸ್‌ಗೆ ಹಾಕಿ ಚಾನೆಲ್ 36ಕ್ಕೆ ಕೂರಿಸಿ ನೋಡಿದ್ದಾಯ್ತು. ಕ್ಯಾಟ್ 6 ಕೇಬಲ್ ನೇರವಾಗಿ ಚುಚ್ಚಿದ್ರೂ ಅದೇ ಹಾಡು. ಅಂದ್ರೆ ವೈಫೈದಲ್ಲ, ಬಫರ್‌ಬ್ಲೋಟ್: ಅಪ್‌ಲೋಡ್ ಪ್ಯಾಕೆಟ್‌ಗಳ ಸಾಲಿನ ಹಿಂದೆ ಗೇಮಿನ ಪ್ಯಾಕೆಟ್ ಕಾಯ್ತಾ ನಿಲ್ಲುತ್ತೆ. (ಡಿಎನ್‌ಎಸ್ ಬದಲಾಯಿಸಿ ಅಂತ ಮಾತ್ರ ಹೇಳಬೇಡಿ, ಪ್ಲೀಸ್.)

ಓಎನ್‌ಟಿಯನ್ನ ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗಿರೋ ಹಾಗೆ) ಹಾಕಿಸಿ, ಪಿಪಿಪಿಓಇ ಲಾಗಿನ್ (ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್) ಹೊಸ ರೂಟರ್‌ನಲ್ಲಿ ಕೊಟ್ಟು, ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕೋ ಉಚಿತ ಸಾಫ್ಟ್‌ವೇರ್) ಹಾಕಿ, ಅದರ ಎಸ್‌ಕ್ಯುಎಮ್‌ನಲ್ಲಿ (ಪ್ಯಾಕೆಟ್ ಸಾಲು ಉದ್ದ ಆಗದಂತೆ ನೋಡೋ ಸೌಲಭ್ಯ) ಕೇಕ್ ಅನ್ನೋ ವಿಧಾನ ಆರಿಸಿ ಎರಡೂ ಕಡೆ 90 ಎಂಬಿಪಿಎಸ್‌ಗೆ ಮಿತಿ ಹಾಕೋ ಯೋಚನೆ. ಕರೆಂಟ್ ಹೋದ್ರೆ ಎರಡೂ ಡಬ್ಬ ನಡೀಬೇಕು, ಹಾಗಾಗಿ ಎರಡೂ 12 ವೋಲ್ಟ್‌ನವೇ ಆದ್ರೆ ಒಂದೇ ಮಿನಿ ಯುಪಿಎಸ್ ಸಾಕು.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ. ಟಿಪಿ-ಲಿಂಕ್ ಆರ್ಚರ್ ಸಿ6 ವರ್ಷನ್ 3, ಎಎಕ್ಸ್23 ವರ್ಷನ್ 1, ಎರಡರಲ್ಲೂ ಎಂಟಿ7621 ಪ್ರೊಸೆಸರ್ರೇ. ವೈಫೈ 6 ಅಂತ ಜಾಸ್ತಿ ದುಡ್ಡು ಕೊಟ್ರೂ ಕೇಕ್ ಲೆಕ್ಕಾಚಾರಕ್ಕೆ ಅದರಿಂದ ಏನೂ ಸಿಗಲ್ಲ. ಹಾರ್ಡ್‌ವೇರ್ ಆಫ್‌ಲೋಡ್ (ಪ್ಯಾಕೆಟ್ ಸಾಗಿಸೋ ಕೆಲಸ ಸಿಪಿಯು ಬಿಟ್ಟು ಬೇರೆ ಸರ್ಕ್ಯೂಟ್‌ಗೆ ಕೊಡೋದು) ಆನ್ ಇಟ್ರೆ ಎಸ್‌ಕ್ಯುಎಮ್ ಕೆಲಸ ಮಾಡಲ್ಲ, ಆಫ್ ಮಾಡಿದ್ರೆ ಪೂರ್ತಿ ಭಾರ ಸಿಪಿಯು ಮೇಲೆ.

ಎಂಟಿ7621 ಇರೋ ರೂಟರ್‌ನಲ್ಲಿ ಪಿಪಿಪಿಓಇ ಜೊತೆ ಕೇಕ್ ಓಡಿಸ್ತಿರೋರು ಇದ್ದೀರಾ? ಎರಡೂ ಕಡೆ ಒಟ್ಟಿಗೆ 90 ತಡಕೊಳ್ಳುತ್ತಾ, ಇಲ್ಲ 5,000 ರೂಪಾಯಿ ಒಳಗೆ ಇದಕ್ಕಿಂತ ಗಟ್ಟಿ ಪ್ರೊಸೆಸರ್ ಇರೋದು ಯಾವುದಾದ್ರೂ ಇದೆಯಾ?