ಅಟ್ಲಾಂಟಾ ಬಗ್ಗೆ ಕೇಳಿದ್ದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು?

ಹೊಸಬ:

ಜನವರಿಯಲ್ಲಿ ಅಟ್ಲಾಂಟಾಗೆ ವಾಸ ಬದಲಾಯಿಸಬೇಕಿದೆ. ಕೇಳಿದವರೆಲ್ಲ ಹೇಳೋದು ಹೆಚ್ಚುಕಮ್ಮಿ ಒಂದೇ: ಅಮೆರಿಕದ ದಕ್ಷಿಣ, ವರ್ಷವಿಡೀ ಸೆಖೆ, ಸ್ವೆಟರೂ ಬೇಡ. ಬಿಳಿ ಕಂಬದ ಹಳೇ ಬಂಗಲೆಗಳು, ಮರದಿಂದ ಜೋತುಬಿದ್ದ ಪಾಚಿ, ಕೆರೆಯಲ್ಲಿ ಮೊಸಳೆ. ಎರಡು ಇಂಚು ಹಿಮ ಬಿದ್ರೆ ಊರೇ ನಿಲ್ಲುತ್ತೆ, ಯಾಕಂದ್ರೆ ಅಲ್ಲಿಯವರಿಗೆ ಗಾಡಿ ಓಡಿಸೋಕೆ ಬರಲ್ಲ. ರೈಲು ಇದ್ದೂ ಇಲ್ಲದಂಗೆ. ಇದರಲ್ಲಿ ಯಾವುದು ಸರಿ? ಕರಿಬೇವಿನ ಗಿಡ ಹೊರಗೆ ಬದುಕುತ್ತಾ? ಕೊನೇದಾಗಿ, ಬಾಡಿಗೆ ಜಾಹೀರಾತಿನ ವಿಳಾಸದಲ್ಲಿ 'ಅಟ್ಲಾಂಟಾ' ಅಂತಿದ್ರೆ ಅದು ಊರೊಳಗೇ ಅಂತ ಲೆಕ್ಕನಾ?

ನಕ್ಷೆಪ್ರಿಯ:

ಕೊನೇ ಪ್ರಶ್ನೆಯನ್ನೇ ಮೊದಲು ತಗೋತೀನಿ. ದುಡ್ಡು ಹೋಗೋದು ಅಲ್ಲೇ.

ವಿಳಾಸದಲ್ಲಿರೋ 'ಅಟ್ಲಾಂಟಾ' ಅಂಚೆಯವರ ಅನುಕೂಲಕ್ಕೆ ಇಟ್ಟ ಹೆಸರು. ನಗರದ ಗಡಿ ಬೇರೆ. 2020ರ ಜನಗಣತಿಯಲ್ಲಿ ನಗರದೊಳಗಿದ್ದವರು 4,98,715 ಜನ. ಸುತ್ತಲಿನ ಮಹಾನಗರ ಪ್ರದೇಶ ಸೇರಿದರೆ 60 ಲಕ್ಷ ದಾಟುತ್ತೆ. ಅಂದ್ರೆ 'ನಮ್ಮದು ಅಟ್ಲಾಂಟಾ' ಅನ್ನೋ ಹನ್ನೆರಡು ಜನರಲ್ಲಿ ಹನ್ನೊಂದು ಜನ ಅಟ್ಲಾಂಟಾ ಮೇಯರ್‌ಗೆ ವೋಟು ಹಾಕೋ ಹಾಗೇ ಇಲ್ಲ. ಸ್ಯಾಂಡಿ ಸ್ಪ್ರಿಂಗ್ಸ್ 2005ರಲ್ಲಿ, ಬ್ರೂಕ್‌ಹೇವನ್ 2012ರಲ್ಲಿ ಸ್ವಂತ ನಗರಗಳಾದವು, ಆದರೂ ಅಲ್ಲಿನ ಎಷ್ಟೋ ಮನೆಗಳಿಗೆ ಕಾಗದ ಬರೋದು ಅಟ್ಲಾಂಟಾ ಅಂತಲೇ. ಬ್ರೇವ್ಸ್ ತಂಡದ ಬೇಸ್‌ಬಾಲ್ ಸ್ಟೇಡಿಯಂ ನೋಡಿ: 2017ರಿಂದ ಅದು ಇರೋದು ಕಾಬ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ವಿಳಾಸ ಮಾತ್ರ ಅಟ್ಲಾಂಟಾ. ಡಿಕೇಟರ್ ವಿಳಾಸದ್ದೂ ಇದೇ ಕತೆ, ಬಹಳಷ್ಟು ಮನೆಗಳು ಡಿಕೇಟರ್ ನಗರದ ಹೊರಗಿವೆ.

ಗಡಿ ಬದಲಾದ್ರೆ ಶಾಲೆ, ಆಸ್ತಿ ತೆರಿಗೆ, ಪೊಲೀಸು, ನೀರಿನ ಬಿಲ್ಲು ಎಲ್ಲ ಬದಲು. ಅಟ್ಲಾಂಟಾ ನಗರಕ್ಕೆ ತನ್ನದೇ ಶಾಲಾ ವ್ಯವಸ್ಥೆ, ಡಿಕೇಟರ್ ನಗರಕ್ಕೆ ತನ್ನದು. ಸ್ಯಾಂಡಿ ಸ್ಪ್ರಿಂಗ್ಸ್‌ನ ಮಕ್ಕಳು ಫುಲ್ಟನ್ ಕೌಂಟಿ ಶಾಲೆಗೆ, ಬ್ರೂಕ್‌ಹೇವನ್‌ನವರು ಡಿಕ್ಯಾಲ್ಬ್ ಕೌಂಟಿ ಶಾಲೆಗೆ. ರಸ್ತೆಯ ಈಚೆ ಬದಿ ಒಂದು, ಆಚೆ ಬದಿ ಇನ್ನೊಂದು ಆಗೋದು ಅಪರೂಪವೇನಲ್ಲ. ಹಾಗಾಗಿ ಸಹಿ ಹಾಕೋ ಮುಂಚೆ ಆ ಕೌಂಟಿಯ ಆಸ್ತಿ ಮೌಲ್ಯಮಾಪನ ಕಚೇರಿಯ ತಾಣದಲ್ಲಿ ಮನೆ ನಂಬರ್ ಹಾಕಿ, 'ತೆರಿಗೆ ಜಿಲ್ಲೆ' ಅನ್ನೋ ಸಾಲು ಓದಿ. ಆಮೇಲೆ ಶಾಲಾ ಜಿಲ್ಲೆಯ ತಾಣದಲ್ಲಿ ಅದೇ ನಂಬರ್ ಹಾಕಿ ಯಾವ ಶಾಲೆ ಅಂತ ನೋಡಿ. ಎರಡೂ ಸೇರಿ ಹತ್ತು ನಿಮಿಷದ ಕೆಲಸ. ಜಾಹೀರಾತಿನಲ್ಲಿ ಬರೆದ ಶಾಲೆ ಹೆಸರನ್ನು ನಂಬಬೇಡಿ.

'ಪೆರಿಮೀಟರ್ ಒಳಗೆ' ಅಂದ್ರೂ ನಗರ ಅಂತ ಅರ್ಥ ಅಲ್ಲ. ಐ-285 ಅನ್ನೋ ಸುಮಾರು 64 ಮೈಲಿಯ ಉಂಗುರ ರಸ್ತೆಯೇ ಪೆರಿಮೀಟರ್. ಡಿಕೇಟರ್ ಅದರ ಒಳಗಿದ್ದೂ ಬೇರೆ ನಗರ. ನೈಋತ್ಯದಲ್ಲಿ ಅಟ್ಲಾಂಟಾ ನಗರವೇ ಉಂಗುರ ದಾಟಿ ಹೊರಗೆ ಚಾಚಿದೆ.

ಇನ್ನು ಪೀಚ್‌ಟ್ರೀ. ಈ ಹೆಸರು ಸೇರಿದ ರಸ್ತೆಗಳು 70ಕ್ಕೂ ಹೆಚ್ಚು. ಮಿಡ್‌ಟೌನ್‌ನಲ್ಲಿ ಪೀಚ್‌ಟ್ರೀ ಸ್ಟ್ರೀಟೂ ವೆಸ್ಟ್ ಪೀಚ್‌ಟ್ರೀ ಸ್ಟ್ರೀಟೂ ಅಕ್ಕಪಕ್ಕದಲ್ಲೇ ಓಡುತ್ತವೆ. ವಿಳಾಸ ಕೊಡುವಾಗ ಪೂರ್ತಿ ಹೆಸರು, ಕೊನೆಯಲ್ಲಿ ಬರೋ ಈಶಾನ್ಯ, ವಾಯವ್ಯ ಅನ್ನೋ ದಿಕ್ಕಿನ ಅಕ್ಷರ ಎರಡನ್ನೂ ಬಿಡಬೇಡಿ. ಅಂದಹಾಗೆ ಅಟ್ಲಾಂಟಾ ಇರೋ ಜಾರ್ಜಿಯಾಗೆ 'ಪೀಚ್ ರಾಜ್ಯ' ಅಂತ ಹೆಸರಷ್ಟೇ. ಕ್ಯಾಲಿಫೋರ್ನಿಯಾ ಬಿಡಿ, ಪಕ್ಕದ ಸೌತ್ ಕ್ಯಾರೊಲೈನಾದಲ್ಲೇ ಇಲ್ಲಿಗಿಂತ ಹೆಚ್ಚು ಪೀಚ್ ಬೆಳೆಯುತ್ತೆ.

ಕೆಮ್ಮಣ್ಣು:

ಹವಾಮಾನಕ್ಕೆ ಬರೋಣ. ಸ್ವೆಟರ್ ಸಾಲದು, ಜಾಕೆಟ್ಟೇ ಬೇಕು. ಊರು ಸಮುದ್ರಮಟ್ಟದಿಂದ ಸುಮಾರು 1,050 ಅಡಿ ಮೇಲಿದೆ, ಅಪ್ಪಲೇಚಿಯನ್ ಬೆಟ್ಟಗಳ ತಪ್ಪಲಿಗೆ ಹತ್ತಿರ, ಎಲ್ಲಿ ನೋಡಿದ್ರೂ ಏರು ಇಳಿಜಾರು. ಜನವರಿಯ ಸರಾಸರಿ ಹಗಲಲ್ಲಿ 12 ಡಿಗ್ರಿ, ರಾತ್ರಿ 2 ಡಿಗ್ರಿ ಸೆಲ್ಸಿಯಸ್. ಜುಲೈ ಹಗಲು 32ರ ಆಸುಪಾಸು. ವರ್ಷಕ್ಕೆ 50 ಇಂಚು ಮಳೆ, ಮಳೆಗೆ ಹೆಸರಾದ ಸಿಯಾಟಲ್‌ಗಿಂತ ಜಾಸ್ತಿ. ಅಲ್ಲಿ ದಿನವಿಡೀ ಜಿನುಗುತ್ತೆ, ಇಲ್ಲಿ ಒಮ್ಮೆಗೇ ಸುರಿದು ಬಿಡುತ್ತೆ.

ಜೋತಾಡೋ ಪಾಚಿ, ಮೊಸಳೆ ಎರಡೂ ಕರಾವಳಿ ಬಯಲಿನವು. ಕೊಲಂಬಸ್, ಮೇಕನ್, ಅಗಸ್ಟಾ ಊರುಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಅವೆಲ್ಲ ಅದರ ಕೆಳಗೆ. ಫೋಟೋಗಳಲ್ಲಿ ಕಾಣೋ ಸವಾನ್ನಾ ಇಲ್ಲಿಂದ 250 ಮೈಲಿ ದೂರ. ಬಂಗಲೆಗಳೂ ಕಮ್ಮಿ. ಈ ಊರು ಹುಟ್ಟಿದ್ದು 1837ರಲ್ಲಿ, ರೈಲುಹಳಿ ಕೊನೆಗೊಳ್ಳೋ ಜಾಗವಾಗಿ. ಮೊದಲ ಹೆಸರೇ 'ಟರ್ಮಿನಸ್'. ಇದ್ದಬದ್ದದ್ದರಲ್ಲೂ ಬಹುಪಾಲು 1864ರಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಸುಟ್ಟುಹೋಯ್ತು. ಬಂಗಲೆ ನೋಡಲೇಬೇಕಂದ್ರೆ ಐ-20 ಹಿಡಿದು ಪೂರ್ವಕ್ಕೆ ಮ್ಯಾಡಿಸನ್‌ಗೆ ಹೋಗಿ.

ಹಿಮದ ಮಾತು ಅರ್ಧ ನಿಜ. 2014ರ ಜನವರಿ 28ರಂದು ಬಿದ್ದದ್ದು 2.6 ಇಂಚು ಅಷ್ಟೇ, ಜನ ರಾತ್ರಿಯಿಡೀ ಹೆದ್ದಾರಿಯಲ್ಲಿ ಸಿಕ್ಕಿಕೊಂಡರು. ಕಾರಣ ಓಡಿಸೋಕೆ ಬರದೇ ಇದ್ದದ್ದಲ್ಲ. ಶಾಲೆ, ಕಚೇರಿ, ಸರಕಾರ ಮೂರೂ ಮಧ್ಯಾಹ್ನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಿಟ್ಟವು. ರಸ್ತೆ ತುಂಬಿತು. ಟೈರಿನಡಿ ಕರಗಿದ ಹಿಮ ಮತ್ತೆ ಗಾಜಿನಂಥ ಪದರವಾಗಿ ಹೆಪ್ಪುಗಟ್ಟಿತು, ಏರಿನಲ್ಲಿ ಲಾರಿಗಳು ಅಡ್ಡ ನಿಂತವು, ಉಪ್ಪು ಚೆಲ್ಲೋ ಗಾಡಿಗಳಿಗೆ ಒಳಗೆ ಬರೋಕೆ ದಾರಿಯೇ ಇರಲಿಲ್ಲ. ಆ ಪದರದ ಮೇಲೆ ಹಿಮಕ್ಕೆ ಒಗ್ಗಿದ ಮಿನೆಸೋಟದವರ ಗಾಡಿಯೂ ಜಾರುತ್ತೆ. ಮುನ್ಸೂಚನೆ ಬಂದ ದಿನ ಬೆಳಗ್ಗೆಯೇ ಮನೆಯಲ್ಲಿರಿ. ಹೊರಟಿದ್ದರೆ ಸೇತುವೆ ಮೇಲೆ ಬ್ರೇಕ್ ಮುಟ್ಟಬೇಡಿ. ಅಡಿಯಲ್ಲಿ ಗಾಳಿ ಆಡೋದರಿಂದ ಮೊದಲು ಹೆಪ್ಪುಗಟ್ಟೋದು ಅದೇ.

ಚಳಿಯಲ್ಲಿ ನಿಜವಾಗಿ ಕೈಕೊಡೋದು ಪೈಪು. ಇಲ್ಲಿ ಬಹಳ ಮನೆಗಳಿಗೆ ನೆಲದಡಿ ತಗ್ಗು ಜಾಗ ಇರುತ್ತೆ, ಪೈಪು ಹಾದಿರೋದು ಅಲ್ಲೇ. ಮೈನಸ್ 6ಕ್ಕಿಂತ ಕೆಳಗೆ ಹೋಗುತ್ತೆ ಅಂದ್ರೆ ಹೊರಗೋಡೆ ಕಡೆಯ ನಲ್ಲಿಗಳನ್ನು ಸಣ್ಣ ಎಳೆಯಂತೆ ಬಿಡಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ತೋಟದ ಪೈಪನ್ನು ನಲ್ಲಿಯಿಂದ ಕಳಚಿ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಕರಿಬೇವು ಕುಂಡದಲ್ಲೇ ಇರಲಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯೋಕೆ ಶುರುವಾದಾಗ, ಸಾಮಾನ್ಯವಾಗಿ ಅಕ್ಟೋಬರ್ ನಡುವೆ, ಒಳಗೆ ತನ್ನಿ. ಎಲೆ ಉದುರುತ್ತೆ, ಗಾಬರಿ ಬೇಡ. ಉದುರಿತು ಅಂತ ನೀರು ಸುರೀತಾರಲ್ಲ, ಗಿಡ ಸಾಯೋದು ಅದಕ್ಕೆ, ಬೇರು ಕೊಳೆಯುತ್ತೆ. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ಏಪ್ರಿಲ್ ಕೊನೆಗೆ ಹೊರಗಿಡುವಾಗ ಮೊದಲ ವಾರ ನೆರಳಲ್ಲಿಡಿ, ಇಲ್ಲದಿದ್ರೆ ಹೊಸ ಚಿಗುರು ಸುಟ್ಟುಹೋಗುತ್ತೆ.

ಟ್ಯಾಗ್‌ಕ್ಯೂ:

'ರೈಲು ಇದ್ದೂ ಇಲ್ಲದಂಗೆ' ಅನ್ನೋದು ಮನೆ ಎಲ್ಲಿದೆ ಅನ್ನೋದರ ಮೇಲೆ. ಇಲ್ಲಿನ ಸಾರಿಗೆ ಸಂಸ್ಥೆ ಮಾರ್ಟಾದ ರೈಲು 1979ರಿಂದ ಓಡ್ತಿದೆ, 38 ನಿಲ್ದಾಣ, ಟಿಕೆಟ್ ಎರಡೂವರೆ ಡಾಲರ್. ವಿಮಾನ ನಿಲ್ದಾಣದಿಂದ ಊರ ನಡುವಿನ ಫೈವ್ ಪಾಯಿಂಟ್ಸ್‌ಗೆ ಇಪ್ಪತ್ತು ನಿಮಿಷದೊಳಗೆ ತಲುಪಿಸುತ್ತೆ, ಸಂಜೆ ಐದಕ್ಕೆ ಯಾವ ಕಾರೂ ಅದನ್ನು ಮಾಡಲ್ಲ. ಆದರೆ ಕಾಬ್, ಗ್ವಿನೆಟ್ ಕೌಂಟಿಗಳು ಮಾರ್ಟಾಗೆ ಸೇರಿಲ್ಲ, ಉತ್ತರಕ್ಕೆ ಹಳಿ ನಾರ್ತ್ ಸ್ಪ್ರಿಂಗ್ಸ್‌ಗೆ ಮುಗಿಯುತ್ತೆ. ನಮ್ಮವರು ಹೆಚ್ಚಾಗಿರೋ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್‌ಗೆ ರೈಲಿಲ್ಲ. ಅಲ್ಲಿಂದ ಬರೋರು ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ಕಾರು ಬಿಟ್ಟು ರೈಲು ಹತ್ತೋದು ರೂಢಿ.

ವಿದೇಶದಿಂದ ನೇರ ಬಂದಿಳಿಯೋರಿಗೆ ಒಂದು ಮಾತು: ನೀವು ಹೊರಬೀಳೋದು ಅಂತಾರಾಷ್ಟ್ರೀಯ ಟರ್ಮಿನಲ್‌ನಲ್ಲಿ, ಮಾರ್ಟಾ ಇರೋದು ದೇಶೀಯ ಟರ್ಮಿನಲ್‌ನಲ್ಲಿ. ನಡುವೆ ಉಚಿತ ಶಟಲ್ ಬಸ್ ಹಿಡೀಬೇಕು.

ಕಾರು ತರೋರಿಗೆ 30 ದಿನದ ಗಡುವು. ಕ್ರಮ ತಪ್ಪಿದರೆ ಎರಡೆರಡು ಸಲ ಅಲೀಬೇಕಾಗುತ್ತೆ: ಮೊದಲು ಜಾರ್ಜಿಯಾ ಲೈಸೆನ್ಸ್, ಆಮೇಲೆ ಜಾರ್ಜಿಯಾ ವಿಮೆ, ಹೊಗೆ ತಪಾಸಣೆ, ಕೊನೆಗೆ ಕೌಂಟಿಯ ಟ್ಯಾಗ್ (ನಂಬರ್ ಪ್ಲೇಟ್) ಆಫೀಸು. ಲೈಸೆನ್ಸ್ ಇಲ್ಲದೆ ಟ್ಯಾಗ್ ಕೌಂಟರಿಗೆ ಹೋದವರು ಬರಿಗೈಲಿ ವಾಪಸ್. ಬೇರೆ ರಾಜ್ಯದಿಂದ ತಂದ ಕಾರಿಗೆ ಅದರ ಮೌಲ್ಯದ ಮೇಲೆ ಶೇಕಡಾ 3 ಒಂದು ಸಲದ ತೆರಿಗೆ ಇದೆ, ಬಜೆಟ್‌ನಲ್ಲಿ ಇಟ್ಟುಕೊಳ್ಳಿ.

ನಕ್ಷೆಪ್ರಿಯ:

ಸಣ್ಣ ತಿದ್ದುಪಡಿ. ಹೊಗೆ ತಪಾಸಣೆ ಎಲ್ಲರಿಗೂ ಇಲ್ಲ. ಅಟ್ಲಾಂಟಾ ಸುತ್ತಲಿನ 13 ಕೌಂಟಿಗಳಲ್ಲಿ ಮಾತ್ರ, ಅಲ್ಲೂ ತೀರಾ ಹೊಸ ಮೂರು ಮಾಡೆಲ್ ವರ್ಷದ ಕಾರುಗಳಿಗೆ ವಿನಾಯಿತಿ. ಶುಲ್ಕ 25 ಡಾಲರ್ ದಾಟೋ ಹಾಗಿಲ್ಲ.

ಹೊಸಬ:

ಬಹಳ ಉಪಕಾರ ಆಯ್ತು. ಇನ್ನೊಂದೇ ಪ್ರಶ್ನೆ. ನೋಡಿರೋ ಮನೆ ಪಕ್ಕದವರ ಹಿತ್ತಲಲ್ಲಿ ದೊಡ್ಡ ಓಕ್ ಮರ ಇದೆ. ಈ ಕಡೆ ಬಿದ್ರೆ ಅವರೇ ಕೊಡ್ತಾರಲ್ವಾ?

ಕೆಮ್ಮಣ್ಣು:

ಅದು ಇನ್ನೊಂದು ತಪ್ಪು ತಿಳಿವಳಿಕೆ. ಆರೋಗ್ಯವಾಗಿದ್ದ ಮರ ಗಾಳಿಮಳೆಗೆ ಬಿದ್ದರೆ ಜಾರ್ಜಿಯಾದಲ್ಲಿ ಸಾಮಾನ್ಯವಾಗಿ ನಿಮ್ಮ ಮನೆಯ ವಿಮೆಯೇ ಭರಿಸಬೇಕು. ಕಣ್ಣಿಗೆ ಕಾಣೋ ಹಾಗೆ ಕೊಳೆತಿದ್ದು, ಅದು ಗೊತ್ತಿದ್ದೂ ಅವರು ಸುಮ್ಮನಿದ್ದರೆ ಮಾತ್ರ ಅವರ ಹೊಣೆ. ಹಾಗಾಗಿ ಬುಡದಲ್ಲಿ ಅಣಬೆ, ಪೊಟರೆ, ಒಣಗಿದ ದೊಡ್ಡ ಕೊಂಬೆ ಕಂಡರೆ ಫೋಟೋ ತೆಗೆದು, ತಾರೀಖು ಹಾಕಿ, ರಿಜಿಸ್ಟರ್ಡ್ ಪತ್ರ ಕಳಿಸಿ. ಬಾಡಿಗೆದಾರರಾದ್ರೆ ಪತ್ರ ನಿಮ್ಮ ಮಾಲೀಕರ ಮೂಲಕ ಹೋಗಲಿ, ನಿಮ್ಮ ಸಾಮಾನಿಗೆ ಬಾಡಿಗೆದಾರರ ವಿಮೆ ಪ್ರತ್ಯೇಕ ಮಾಡಿಸಿ.

ಮರ ಬೀಳೋದು ಹೆಚ್ಚಾಗಿ ಬಿರುಗಾಳಿಯ ಮೊದಲ ತಾಸಿನಲ್ಲಲ್ಲ, ಎರಡು ಮೂರು ದಿನ ಸುರಿದು ಕೆಂಪು ಜೇಡಿಮಣ್ಣು ಮೆತ್ತಗಾದ ಮೇಲೆ. ನಿಮ್ಮದೇ ಮರವನ್ನೂ ಸುಮ್ಮನೆ ಕಡಿಯೋ ಹಾಗಿಲ್ಲ: ನಗರದ ಗಡಿಯೊಳಗೆ ಎದೆಮಟ್ಟದಲ್ಲಿ 6 ಇಂಚು ವ್ಯಾಸ ಮುಟ್ಟಿದ ಓಕ್‌ಗೆ ಪರವಾನಗಿ ಬೇಕು. ಗಡಿ ಯಾವುದು ಅಂತ ತಿಳಿಯೋಕೆ ಮತ್ತೆ ಆ ತೆರಿಗೆ ಜಿಲ್ಲೆಯ ಸಾಲೇ ನೋಡಿ.