ಸಂಜೆಗೊಂದು ರಿಪೋರ್ಟ್, ಮೂರನೇ ದಿನಕ್ಕೊಂದು. ಯಾಕೆ?

ಗದಗ ಹುಡುಗ:
ನಮ್ಮ ಕಾಕಾಗೆ ಹೋದ ವಾರ ವಾಂತಿ-ಭೇದಿ. ಊರಲ್ಲಿ ನೀರಿನ ಪೈಪ್ ಚರಂಡಿ ಹತ್ತಿರ ಒಡೆದಿತ್ತು, ಅದೇ ನೀರು ಕುಡಿದಿದ್ದರು. ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು. ಸಂಜೆಗೇ ಪಿಸಿಆರ್ ರಿಪೋರ್ಟ್ ಬಂತು: ಕಾಲರಾ, ಓ1. ಮೂರನೇ ದಿನ ಇನ್ನೊಂದು ಕಾಗದ: ಒಗಾವಾ. ಇದು ಬೇರೆ ರೋಗವಾ? ಇಲ್ಲ ಎರಡು ಸಲ ದುಡ್ಡು ಕೀಳೋ ದಾರಿಯಾ? ಕಾಕಾ ಈಗ ಎದ್ದು ಕೂತು ರೊಟ್ಟಿ ಕೇಳುತ್ತಿದ್ದಾರೆ. ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳಿದೆ.

ಲ್ಯಾಬ್ ಅಕ್ಕ, ವಿದ್ಯಾನಗರ:
ರೊಟ್ಟಿ ಕೇಳಿದರಾ? ಹಾಗಾದರೆ ಚಿಂತೆ ಬಿಡು ತಮ್ಮಾ. ಓ1 ಅಂದರೆ ಕಾಲರಾ ಬ್ಯಾಕ್ಟೀರಿಯಾದ ಒಂದು ಗುಂಪು. ಒಗಾವಾ, ಇನಾಬಾ ಎರಡೂ ಅದರ ಒಳಗಿನ ಮನೆತನಗಳು. ಔಷಧಿ ಒಂದೇ.

ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಳೇ ಪದ್ಧತಿಯಲ್ಲಿ ಮಲದ ಸ್ಯಾಂಪಲ್ಲನ್ನು ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಕ್ಷಾರದ ಪೆಪ್ಟೋನ್ ನೀರಲ್ಲಿ 6-8 ಗಂಟೆ ಇಡುತ್ತೇವೆ. ಆಮೇಲೆ ಟಿಸಿಬಿಎಸ್ ಅನ್ನೋ ಹಸಿರು ಪ್ಲೇಟಿಗೆ ಎಳೆದು ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಳದಿ ಬೊಟ್ಟುಗಳು. (ನನಗೆ ಈಗಲೂ ಅದನ್ನು ನೋಡೋದೇ ಖುಷಿ!) ಅದನ್ನು ಸ್ಲೈಡ್ ಮೇಲೆ ಆಂಟಿಸೀರಂ (ಟೈಪ್ ಗುರುತಿಸೋ ದ್ರವ) ಜೊತೆ ಕಲಸಿದಾಗ ರವೆ ರವೆಯಾದರೆ ಒಗಾವಾನಾ, ಇನಾಬಾನಾ ಅಂತ ಗೊತ್ತಾಗುತ್ತದೆ.

ಪಿಸಿಆರ್ ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಟೆಸ್ಟ್, ಅದಕ್ಕೆ ಎರಡು-ಮೂರು ಗಂಟೆ ಸಾಕು. ಒಂದೇ ಟ್ಯೂಬಲ್ಲಿ ಮೂರು ಪ್ರಶ್ನೆ ಕೇಳಬಹುದು. ಇದು ಕಾಲರಾ ಬ್ಯಾಕ್ಟೀರಿಯಾ, ಅಂದರೆ ವಿಬ್ರಿಯೋ ಕಾಲರೆಯೇನಾ? ಓ1 ಗುಂಪಾ, ಓ139 ಗುಂಪಾ? ವಿಷದ ಜೀನ್, ಅಂದರೆ ಸಿಟಿಎಕ್ಸ್-ಎ, ಇದೆಯಾ? ಮೂರನೆಯದೇ ಮುಖ್ಯ, ಭೇದಿ ತರೋದು ಆ ವಿಷವೇ. ಎರಡನೆಯದು ಯಾಕೆ ಅಂದರೆ, ಈ ಬ್ಯಾಕ್ಟೀರಿಯಾದಲ್ಲಿ 200ಕ್ಕೂ ಜಾಸ್ತಿ ಗುಂಪುಗಳಿವೆ, ದೊಡ್ಡ ಕಾಲರಾ ಎಬ್ಬಿಸಿದ್ದು ಇವೆರಡೇ. ಓ139 ಗೊತ್ತಾಗಿದ್ದೇ 1992ರಲ್ಲಿ, ಮದ್ರಾಸ್ ಕಡೆ. ಓ1 ಆಂಟಿಸೀರಂ ಹಾಕಿದರೆ ಅದು ರವೆ ರವೆಯಾಗಲೇ ಇಲ್ಲ.

ಹಾಗಾದರೆ ಪ್ಲೇಟ್ ಯಾಕೆ ಬೇಕು ಅಂತೀಯಾ? ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಯಾವ ಆಂಟಿಬಯೋಟಿಕ್ ನಾಟುತ್ತದೆ ಅಂತ ನೋಡೋಕೆ ಜೀವಂತ ಬ್ಯಾಕ್ಟೀರಿಯಾ ಬೇಕೇ ಬೇಕು.

ಹಾವೇರಿ ನರ್ಸ್:
ಅಕ್ಕಾರೆ, ನಾನೊಮ್ಮೆ ಖಾಲಿ ಡಬ್ಬಿಯಲ್ಲಿ ಸ್ಯಾಂಪಲ್ ಹಾಕಿ ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಕಳಿಸಿದ್ದೆ. ಒಣಗಿ ಹೋಗಿತ್ತು, ಬೈಸಿಕೊಂಡೆ. 15 ನಿಮಿಷದ ಪಟ್ಟಿ ಟೆಸ್ಟ್ ನಮ್ಮಲ್ಲೇ ಮಾಡಿದರೆ ಸಾಲದಾ?

ಲ್ಯಾಬ್ ಅಕ್ಕ, ವಿದ್ಯಾನಗರ:
ಊರಲ್ಲಿ ಕಾಲರಾ ಎದ್ದಿದೆಯಾ ಅಂತ ಅನುಮಾನ ಪಡೋಕೆ ಪಟ್ಟಿ ಸಾಕು. ಖಾತ್ರಿಗೆ ಪ್ಲೇಟ್ ಇಲ್ಲವೇ ಪಿಸಿಆರ್ ಬೇಕು. ಆಂಟಿಬಯೋಟಿಕ್ ಕೊಡೋ ಮೊದಲೇ ಸ್ಯಾಂಪಲ್ ತಗೊಳ್ಳಿ, ಬ್ಯಾಕ್ಟೀರಿಯಾ ಒಣಗಿ ಸಾಯದಂತೆ ಇಡೋ ಕೇರಿ-ಬ್ಲೇರ್ ಟ್ಯೂಬಲ್ಲಿ ಕಳಿಸಿ. ಓಆರ್‌ಎಸ್ ಮಾತ್ರ ಯಾವ ರಿಪೋರ್ಟಿಗೂ ಕಾಯಬಾರದು.

ಗದಗ ಹುಡುಗ:
ಕಾಗದ ಎರಡಾದರೂ ಬಿಲ್ ಒಂದೇ ಅಂತೆ, ಕಾಕೂ ಈಗ ಹೇಳಿದರು. ಪೈಪ್ ಮಾತ್ರ ಇನ್ನೂ ಹಾಗೇ ಇದೆ.